ಅಗೆಯದ ಮಡಿ

ಮಾಲ್ದಾರೆಯ ಕಾಡಂಚಲ್ಲಿ ಇಪ್ಪತ್ತೆರಡು ವರ್ಷ
ಆನೆ ಬಾರದಿರಲೆಂದು ಕಂದಕ ತೋಡಿದೆ.
ಆಳುದ್ದ ಆಳ. ಕೆಮ್ಮಣ್ಣಿನ ಹೊಟ್ಟೆಯೊಳಗೆಲ್ಲ ನೋಡಿದ್ದೇನೆ,
ತುಂಡಾದ ಎರೆಹುಳು ಬಿಸಿಲಲ್ಲಿ ಹೊರಳುವುದನ್ನೂ.
ಆನೆ ಮಾತ್ರ ಅಂಚು ಕೆಡವಿ ಇಳಿದು ಬಂತು.

ಈಗ ಸಿದ್ದಾಪುರದಲ್ಲಿ, ಮನೆಯ ಹಿಂದೆ
ಎಂಟಡಿ ಉದ್ದ, ನಾಲ್ಕಡಿ ಅಗಲ.
ಗುದ್ದಲಿ ಮುಟ್ಟುವುದಿಲ್ಲ.
ಹುಲ್ಲಿನ ಮೇಲೇ ಮೊಯ್ದುವಿನ ಅಂಗಡಿಯ ರಟ್ಟು ಹಾಸಿದೆ.
ಅದರ ಟೇಪು ಕಿತ್ತವಳು ಜಾನು, ಹಲ್ಲಿನಿಂದ.
ನೀರು ಕುಡಿಸಿ, ಸಗಣಿ, ಹಳೇ ಕಾಫಿ ಸಿಪ್ಪೆ,
ಹಾಲುವಾಣದ ಎಲೆ, ಮೇಲೆ ಬೈಹುಲ್ಲು.

"ಹೆಣಕ್ಕೆ ಹೊದಿಸಿದ ಹಾಗಿದೆ" ಅಂದಳು.
ಮಲಗಿದವರಿಗೂ ಹೊದಿಸುತ್ತಾರಲ್ಲ,
ಅಂದೆ. ಅವಳು ನಗಲಿಲ್ಲ.

ಮಳೆ ಮೂರು ತಿಂಗಳು ಬಡಿಯಿತು.
ಕೈಲ್‌ಪೊಳ್ದಿನ ಬೆಳಿಗ್ಗೆ, ತೋಟದ ಧಣಿಗಳು
ಕೋವಿಗೆ ತೋಕ್‌ಪೂ ಮುಡಿಸುವ ಹೊತ್ತಿಗೆ
ಹುಲ್ಲು ಸರಿಸಿ ಬೆರಳು ಚುಚ್ಚಿದೆ.
ಬುಡದವರೆಗೂ ಇಳಿಯಿತು, ತಡೆಯಿಲ್ಲದೆ.
ಅಂಚಿನಲ್ಲಿ ರಟ್ಟಿನ ಚೂರೊಂದು:
"ಈ ಕಡೆ ಮೇಲಕ್ಕೆ" ಎಂದು ಅಚ್ಚಾಗಿದ್ದರಲ್ಲಿ
"ಮೇಲಕ್ಕೆ" ತಿಂದು ಮುಗಿದಿತ್ತು.
"ಈ ಕಡೆ" ಇನ್ನೂ ಇತ್ತು.

ಜಾನು ಬದನೆ ಸಸಿ ಹಿಡಿದು ಕಾಯುತ್ತಿದ್ದಳು.
ಹುಳುವೊಂದು ನನ್ನ ಉಗುರಿನ ಮೇಲೆ ಹಾದು
ಒಳಗೆ ಹೋಯಿತು,
ಇಡಿಯಾಗಿ.