ಬಾಲವಿಲ್ಲದ್ದು

ಬಾಗಿಲು ತೆರೆದಾಗೆಲ್ಲ ಒಂದು ಮೋಡ ಅಂಗಡಿಯೊಳಗೆ ಬರುತ್ತದೆ.
ಹೊರಗೆ ಉಲಾನ್‌ಬಾತರಿನ ಮೈನಸ್ ಮೂವತ್ತೊಂದು,
ಕಲ್ಲಿದ್ದಲ ಹೊಗೆ, ಬಸ್ಸುಗಳ ಕೆಮ್ಮು.
ಈ ಸಲ ಮೋಡದ ಹಿಂದೆ ಉಯಾಂಗಾ:
ಹದಿನೇಳರ ಹುಡುಗಿ, ರೆಪ್ಪೆಯ ಮೇಲೆ ಹಿಮ,
ಕಿಸೆಯಲ್ಲಿ ನಾಲ್ಕು ಲಕ್ಷ ತುಗ್ರಿಕ್,
ಬೂಝ್ ಅಂಗಡಿಯಲ್ಲಿ ಆರು ತಿಂಗಳು ತಟ್ಟೆ ತೊಳೆದದ್ದು.

"ಹೊಸ ಮೌಸ್ ಬಂದಿದೆ ಮಾಮ. ವೈರಿಲ್ಲ,
ಐವತ್ತೆಂಟೇ ಗ್ರಾಮು. ತಗೊಳ್ಳಲೋ ಬೇಡವೋ?"

ಯಾರನ್ನು ಕೇಳುತ್ತಿದ್ದೀಯೇ,
ವೈರು ಬೆಸೆದು ಹೊಟ್ಟೆ ಹೊರೆಯುವವನನ್ನು?
ಮಳೆ ನಿಂತರೆ ಒಳ್ಳೆಯದಾ ಅಂತ
ಛತ್ರಿ ರಿಪೇರಿಯವನನ್ನು ಕೇಳಿದ ಹಾಗಾಯಿತು.

ಆದರೂ ಹೇಳುತ್ತೇನೆ.
ನಿನ್ನ ಹಳೆಯದನ್ನು ಮೂರು ಸಲ ಬಿಚ್ಚಿದ್ದೇನೆ.
ಎಡಗುಂಡಿ ಒಮ್ಮೆ ಒತ್ತಿದರೆ ಎರಡು ಗುಂಡು ಹಾರಿಸುತ್ತಿತ್ತು.
ಹೊಟ್ಟೆಯೊಳಗೆ ಬಿಸ್ಕತ್ತಿನ ಪುಡಿ, ಒಂದು ಬೆಕ್ಕಿನ ಕೂದಲು.
ವೈರು ಸತ್ತದ್ದು ಕುತ್ತಿಗೆಯ ಹತ್ತಿರ. ಯಾವಾಗಲೂ ಅಲ್ಲೇ.
ಹೊಸದಕ್ಕೆ ಕುತ್ತಿಗೆಯೇ ಇಲ್ಲ. ಒಪ್ಪಿದೆ.
ಬದಲಿಗೆ ಬ್ಯಾಟರಿ ಇದೆಯಲ್ಲ;
ಈ ಊರಿನ ಚಳಿಯಲ್ಲಿ ಅದನ್ನು ಚೀಲಕ್ಕೆ ಹಾಕಿ ತರಬೇಡ,
ಕೋಟಿನೊಳಗೆ, ಎದೆಯ ಪಕ್ಕ ಇಟ್ಟುಕೊಂಡು ಬಾ.

ಅವಳ ಹಳೆಯದನ್ನು ತಕ್ಕಡಿಗಿಟ್ಟೆ: ತೊಂಬತ್ತಾರು.
ವೈರನ್ನು ಕೈಯಲ್ಲಿ ಎತ್ತಿ ಹಿಡಿದಿದ್ದೆ,
ಅದರ ಭಾರ ತಕ್ಕಡಿಗೆ ತಿಳಿಯುವಂಥದ್ದಲ್ಲ,
ಮಣಿಕಟ್ಟಿಗೆ ಮಾತ್ರ ಗೊತ್ತು,
ಅದೂ ಶತ್ರು ಬಲಗಡೆಯಿಂದ ಬಂದಾಗ.

ನನ್ನ ಮೇಜಿನ ಮೇಲೆ ಚೀಟಿ ಹಾರದಿರಲೆಂದು
ಕುರಿಯ ಹರಡಿನ ಮೂಳೆಯೊಂದನ್ನು ಇಟ್ಟಿದ್ದೇನೆ.
ಒಂದು ನಾದಮ್ ಹಬ್ಬದಲ್ಲಿ ಅದನ್ನು ಚಿಮ್ಮಿ,
ಹದಿನೈದಡಿ ದೂರದ ಗುರಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ.
ತಪ್ಪಿದ್ದು ಬೆರಳು.
ಬೈದದ್ದು ಮೂಳೆಯನ್ನು.
ಮುಂದಿನ ವಾರವೇ ಬೇರೆಯದನ್ನು ಕೊಂಡೆ.

(ಬೇರೆಯದು ನಿಜಕ್ಕೂ ಚೆನ್ನಾಗಿತ್ತು.
ನೀತಿ ಹೇಳಲು ಹೊರಟು ಸುಳ್ಳು ಹೇಳಲಾರೆ.)

ಅವಳು ಮೂಳೆಯನ್ನೆತ್ತಿ ಅಂಗೈಗಿಟ್ಟು,
ಕಣ್ಣು ಮುಚ್ಚಿ, ಮೇಜಿನ ಮೇಲೆ ಸರ್ರನೆ ಎಳೆದಳು,
ಬಲಕ್ಕೆ, ಮತ್ತೆ ಬಲಕ್ಕೆ, ತಟ್ಟನೆ ನಿಲ್ಲಿಸಿ
ತೋರುಬೆರಳಿನಿಂದ ಏನನ್ನೋ ಕೊಂದಳು.

"ತಗೋ," ಅಂದುಬಿಟ್ಟೆ.
"ಹಳೆಯದನ್ನು ಇಲ್ಲೇ ಬಿಟ್ಟುಹೋಗು, ಚಕ್ರ ಇನ್ನೂ ಗಟ್ಟಿಯಿದೆ,
ಯಾರಿಗಾದರೂ ಹಾಕಿಕೊಡುತ್ತೇನೆ."

ಕೊಡಲಿಲ್ಲ. ಬಾಲವನ್ನು ಅದರ ಮೈಗೇ ಸುತ್ತಿ
ಕಿಸೆಗಿಳಿಸಿದಳು, ದುಡ್ಡಿನ ಪಕ್ಕಕ್ಕೆ.
ಮೋಡ ಒಳಗೆ ಬಂತು, ಅವಳು ಹೊರಗೆ ಹೋದಳು.
ಎಡಕ್ಕೆ ಹೋದರೆ ಮೌಸಿನ ಅಂಗಡಿ, ಬಲಕ್ಕೆ ಹೋದರೆ ಮನೆ.
ಕಿಟಕಿಗೆ ಹಿಮ ಕಟ್ಟಿತ್ತು.
ಉಗುರಿನಿಂದ ಕೆರೆದು ನೋಡುವಷ್ಟರಲ್ಲಿ
ಬೀದಿಯಲ್ಲಿ ಯಾರೂ ಇರಲಿಲ್ಲ.