ಮಣ್ಣಿಗೆ ಹೋಗುವುದು

ನಮ್ಮೂರ ಮಾತಿನಲ್ಲಿ ಮಣ್ಣಿಗೆ ಹೋಗುವುದೆಂದರೆ
ಸತ್ತವರನ್ನು ಕಳಿಸಿ ಬರುವುದು.
ನಾನೀಗ ದಿನಾ ಏಳಕ್ಕೆ ಮಣ್ಣಿಗೆ ಹೋಗುತ್ತೇನೆ,
ಉಕ್ಕಿನ ಮೂತಿಯ ಬೂಟು, ಹಳದಿ ಕೋಟು,
ಫ್ಲಾಸ್ಕಿನಲ್ಲಿ ಚಹಾ, ಗಂಟೆಗಿಷ್ಟೆಂದು ಕೂಲಿ.

ಲಿಂಕನ್‌ಶೈರಿನ ಹಾಕ್ಸ್‌ಥಾರ್ಪ್. ಒಂದು ಚರ್ಚು, ಒಂದು ಪಬ್ಬು,
ಅದೂ ಗುರುವಾರದಿಂದ ಭಾನುವಾರದವರೆಗೆ.
ಬಾರ್ಲಿ ಕೊಯ್ದ ಕೂಳೆಯ ಮೇಲೆ
ಅರವತ್ತೆರಡು ಮನೆ ಬರಲಿವೆ. ಬರುವ ಮುಂಚೆ
ಇಲ್ಲಿ ಮೊದಲು ಯಾರಿದ್ದರೆಂದು ಕೇಳಬೇಕು, ಕಾನೂನು.
ಹೊಲವನ್ನೆಲ್ಲ ಕೇಳುವುದಿಲ್ಲ, ನೂರಕ್ಕೆ ನಾಲ್ಕು ಪಾಲು;
ಅನ್ನ ಬೆಂದಿದೆಯೇ ಎಂದು
ಒಂದಗುಳು ಹಿಚುಕಿ ನೋಡಿದ ಹಾಗೆ.

ಯಂತ್ರದ ಡಾರೆಲ್ ಬಕೆಟ್ಟಿನ ಹಲ್ಲು ಕಳಚಿಟ್ಟಿದ್ದಾನೆ.
ಬೊಚ್ಚುಬಾಯಿಯ ಉಕ್ಕು
ಎಷ್ಟು ಮೆಲ್ಲಗೆ ಕೆರೆಯುತ್ತದೆ ನೋಡಿ,
ಹಾಲಿನ ಕೆನೆ ತೆಗೆದಂತೆ ಒಂದೊಂದೇ ಪದರ.
ಮೇಲ್ಮಣ್ಣು ಆ ಕಡೆ ಗುಡ್ಡೆ, ಅಡಿಮಣ್ಣು ಈ ಕಡೆ,
ಬೆರೆಸಬಾರದು.
ಕೊನೆಗೆ ಯಾರೂ ಮುಟ್ಟದ ಹಳದಿ ಜೇಡಿ.
ಅಲ್ಲಿಗೆ ನಿಲ್ಲಬೇಕು. ಅದರ ಕೆಳಗೆ ಮನುಷ್ಯರ ಸುದ್ದಿಯಿಲ್ಲ.

ಒಂದರಿಂದ ಏಳು: ಏನಿಲ್ಲ.
ಎಂಟು: ನೀರು ಬಸಿಯಲು ಹೂತ ಕೊಳವೆ, ಒಡೆದಿದೆ.
ಒಂಬತ್ತರಲ್ಲಿ ನೀಲಿ ಹೂವಿನ ತಟ್ಟೆಚೂರು.
ಹತ್ತರ ತುಂಬ ರಾತ್ರಿಯ ಮಳೆನೀರು, ಅದರಲ್ಲೊಂದು ಕಪ್ಪೆ.
ಹನ್ನೊಂದರಲ್ಲಿ ಕಂಬದ ಗುಣಿ ಎರಡು.
ಕಂಬ ಯಾವತ್ತೋ ಕೊಳೆತಿದೆ, ಗುಣಿ ಇದೆ.
ತೋಡಿದ ನೆಲ ಮುಚ್ಚಿದರೂ ಮೊದಲಿನಂತಾಗುವುದಿಲ್ಲ,
ಕಪ್ಪಾಗಿ ಉಳಿಯುತ್ತದೆ.
ಈ ಕಸುಬಿನ ಬಂಡವಾಳ ಇಷ್ಟೇ.

ಹದಿನಾಲ್ಕರಲ್ಲಿ ಕಪ್ಪು ಚೌಕ. ಅಂಚು ಚೂಪು.
ಮಂಡಿಯೂರಿ ಕರಣೆಯಲ್ಲಿ ಅರ್ಧ ಮಾತ್ರ ತೆಗೆದೆ,
ಉಳಿದರ್ಧ ಹಾಗೇ ಬಿಡುವುದು ನಿಯಮ.
ಪಕ್ಕೆಲುಬು. ಮಡಿಸಿದ ಮುಂಗಾಲು.
ಮೊರ್ವೆನ್ ಬಗ್ಗಿ ನೋಡಿ ಉಸಿರು ಹಿಡಿದಳು,
ಆಮೇಲೆ ಬಿಟ್ಟಳು: ನಾಯಿ.
ಹಿತ್ತಾಳೆಯ ಬಿಲ್ಲೆ, ಮೂರಂಕಿಯ ಫೋನ್ ನಂಬರು.
ಬುರುಡೆಯಲ್ಲಿ ಕಿರುಬೆರಳು ಹಿಡಿಸುವಷ್ಟು ತೂತು.

ಬೇಲಿಯಾಚೆ ದಿನಾ ಬಂದು ನಿಲ್ಲುವ ಅಜ್ಜ,
ಹೊಲ ಮಾರಿದವನು, ವಿಲ್ಫ್ ಸ್ಕ್ರಿಮ್‌ಷಾ,
ಚಿನ್ನ ಸಿಕ್ಕಿತೇ ಎಂದು ದಿನಾ ಒಂದೇ ತಮಾಷೆ ಮಾಡುವವನು,
ಇವತ್ತು ನಾನು ಬಿಲ್ಲೆ ಒರೆಸುವ ಮೊದಲೇ ಹೇಳಿದ:
ಎರಡು, ಏಳು, ನಾಲ್ಕು.

ಟ್ಯಾನ್ಸಿ, ಎಂದ. ಆಗ ನನಗೆ ಒಂಬತ್ತು.
ಕುರಿ ಕಚ್ಚಿದ್ದಳು.
ಸಂತೆಗೆ ಹೊರಟ ದನಗಳ ಹಿಂದೆ ಓಡಿಹೋದಳು,
ಬರ್ತಾಳೆ ಬಿಡು, ಅಂದಿದ್ದ ಅಪ್ಪ.
ಹಿತ್ತಿಲ ಗೇಟು ಎಷ್ಟು ವರ್ಷ ತೆರೆದಿಟ್ಟೆ ಗೊತ್ತೇ.

ಬಹಳ ಹೊತ್ತು ಎಲುಬನ್ನಲ್ಲ,
ಗುಂಡಿಯ ಗೋಡೆಯನ್ನು ನೋಡಿದ.
ನೇರ ಕಡಿದಿದ್ದಾನೆ. ಅಪ್ಪನ ಸಲಿಕೆಯೇ.
ಅವಸರ ಮಾಡಿಲ್ಲ.

ನಮ್ಮ ಹಾಳೆಯಲ್ಲಿ ಒಂದು ಸಾಲಿನ ಜಾಗವಿರುತ್ತದೆ: ಇದು ಏನು?
ಬರೆದೆ: ನಾಯಿಯ ಗುಂಡಿ. ಇತ್ತೀಚಿನದು. ಓಡಿಹೋಗಿರಲಿಲ್ಲ.
ಕೊನೆಯ ಮಾತಿನ ಮೇಲೆ ಮೊರ್ವೆನ್
ಸೀಸದ ಕಡ್ಡಿಯಲ್ಲಿ ಒಂದು ಗೆರೆ ಎಳೆದಳು,
ಓದಲು ಬರುವಷ್ಟು ತೆಳುವಾಗಿ.

ಶುಕ್ರವಾರ ಮುಚ್ಚುವ ದಿನ. ವರದಿಯಲ್ಲಿ
ಮಹತ್ವದ್ದೇನೂ ಇಲ್ಲವೆಂದು ಬರುತ್ತದೆ, ಅದು ಸರಿಯೇ.
ಡಾರೆಲ್ ಯಂತ್ರ ಶುರು ಮಾಡಿ, ಯಾಕೋ ಆಫ್ ಮಾಡಿ, ಸಿಗರೇಟು ಹಚ್ಚಿದ.
ಅಜ್ಜ ಬೇಲಿಯಾಚೆಯೇ ಇದ್ದ.
ಹೆಲ್ಮೆಟ್ಟಿಲ್ಲದವರಿಗೆ ಪ್ರವೇಶವಿಲ್ಲ, ಬೋರ್ಡಿದೆ.
ನಮ್ಮೂರಲ್ಲಾದರೆ ಮಣ್ಣಿಗೆ ಬಂದವರೆಲ್ಲ
ಒಂದೊಂದು ಹಿಡಿ ಹಾಕಿ ಹೋಗುತ್ತಾರೆ.
ಬೇಲಿಯ ಮೇಲಿಂದ ನನ್ನ ಹೆಲ್ಮೆಟ್ಟು ಕೊಟ್ಟೆ.