ಏಳಕ್ಕೂ ಹದಿನೈದಕ್ಕೂ ನಡುವೆ

ಬೋಂದೆಲ್ ಗುಡ್ಡೆಯ ಪಾಲಿಟೆಕ್ನಿಕ್, ಮೂರನೇ ಮಹಡಿ, ಲ್ಯಾಬು.
ಮರುದಿನ ಪ್ರಾಯೋಗಿಕ ಪರೀಕ್ಷೆ. ನಲವತ್ತೆರಡು ಮಕ್ಕಳು,
ಒಬ್ಬೊಬ್ಬರಿಗೂ ಒಂದೊಂದು ಯಂತ್ರ.
ಯಂತ್ರವೆಂದರೆ ತಗಡಿನದಲ್ಲ, ಮೂಲೆಯ ಸರ್ವರಿನೊಳಗೆ
ಕೇಳಿದಾಗ ಹುಟ್ಟಿ ಗಂಟೆ ಹೊಡೆದಾಗ ಅಳಿಯುವಂಥದ್ದು.
ಗುಂಡಿ ಒತ್ತಿದರೆ ಹದಿನೈದು ಸೆಕೆಂಡು
ಕಪ್ಪು ಪರದೆಯಲ್ಲಿ ಬಿಳಿ ಚಕ್ರ.
ಹಿಂದಿನ ವರ್ಷ ಜೆಸಿಂತಾ ಅದನ್ನು ನೋಡುತ್ತಲೇ ಅತ್ತಿದ್ದಳು,
ಕೆಟ್ಟಿತೆಂದು ಮತ್ತೆ ಮತ್ತೆ ಒತ್ತಿ
ನಿಜಕ್ಕೂ ಕೆಡಿಸಿದ್ದಳು.

"ಹಳೇ ಸರ್ವರ್ ಮೇಡಂ, ಏಳ್ಲಿಕ್ಕೆ ಹೊತ್ತು ಬೇಕು"
ಎನ್ನುತ್ತಿದ್ದರು ಅಟೆಂಡರ್ ಲಿಂಗಪ್ಪ ಬಂಗೇರರು.
ನಾನೂ ನಂಬಿದ್ದೆ, ಆ ಸಂಜೆ
ಲಾಗನ್ನು ಸಾಲು ಸಾಲಾಗಿ ಓದುವ ತನಕ.

ಪುಸ್ತಕದಲ್ಲಿ ಇವರಿಬ್ಬರಿಗೆ ಹೋಸ್ಟ್, ಗೆಸ್ಟ್ ಎಂದು ಹೆಸರು.
ವಿಚಿತ್ರ ನೆಂಟ ಇವನು:
ಬಸ್ಸಿಳಿದು ಬರುವವನಲ್ಲ, ಜಗಲಿಯಲ್ಲಿ ಕಾಲು ತೊಳೆಯುವವನಲ್ಲ,
ಮನೆಯ ಒಳಕೋಣೆಯಲ್ಲೇ ಕಣ್ಣು ಬಿಡುವವನು.
ಚಿಲಕ ಮಾತ್ರ ಒಳಗಿನಿಂದ.
ಮನೆಯವನು ತನ್ನದೇ ಮನೆಯೊಳಗೆ
ಬಾಗಿಲು ತಟ್ಟುತ್ತ ನಿಂತಿರುತ್ತಾನೆ,
ಕೈಯಲ್ಲಿ ಬೆಲ್ಲ, ನೀರು.

ಮೊದಲ ತಟ್ಟು. ಸದ್ದಿಲ್ಲ.
ಒಂದು ಸೆಕೆಂಡು ಬಿಟ್ಟು ಇನ್ನೊಂದು. ಸದ್ದಿಲ್ಲ.
ಎರಡು ಬಿಟ್ಟು. ಆಮೇಲೆ ನಾಲ್ಕು ಬಿಟ್ಟು.
ಸಲಸಲಕ್ಕೂ ಸಂಕೋಚ ಇಮ್ಮಡಿ.
ಮಲಗಿದವರನ್ನು ಪೀಡಿಸಬಾರದೆಂಬ ಮರ್ಯಾದೆಯನ್ನು
ಯಾವ ಕಾಲದಲ್ಲೋ ಯಾರೋ ಬರೆದಿಟ್ಟದ್ದು.
ಏಳನೇ ಸೆಕೆಂಡಿನ ತಟ್ಟೂ ವ್ಯರ್ಥ.
ಮುಂದಿನದು ಹದಿನೈದಕ್ಕೆ.

ನೆಂಟನ ಕಡೆಯ ಲಾಗು ಬೇರೆಯೇ ಹೇಳುತ್ತದೆ:
ಏಳು ಪಾಯಿಂಟ್ ಎರಡಕ್ಕೆ ಎದ್ದೆ.
ಚಿಲಕ ತೆಗೆದೆ.
ಯಾರೂ ಇರಲಿಲ್ಲ.

ಉಳಿದ ಆ ಎಂಟಕ್ಕೆ ಹತ್ತಿರದ ಸೆಕೆಂಡು ಯಾರ ಲೆಕ್ಕಕ್ಕೆ?
ಇವನೂ ಎಚ್ಚರ, ಅವನೂ ಎಚ್ಚರ,
ನಡುವೆ ತೆರೆದೇ ಇದ್ದ ಬಾಗಿಲು.

ಕೊನೆಯ ದೋಣಿಗೆಂದು ಸುಲ್ತಾನ್ ಬತ್ತೇರಿಗೆ ಓಡಿದೆ,
ನನ್ನ ಮನೆ ಆಚೆ ದಡ, ತಣ್ಣೀರುಬಾವಿ.
ಇಳಿತದ ಹೊತ್ತು, ಹೊಳೆ ಕೆಸರು ನಾರುತ್ತಿತ್ತು.
ದೋಣಿ ಆ ಕಡೆಯೇ ಕಟ್ಟಿತ್ತು. ಕಂಬದ ದೀಪದಡಿ
ಪೊಡಿಯಬ್ಬಾಕನ ಬೀಡಿ ಕೆಂಪಗೆ ಒಂದು ಚುಕ್ಕೆ.
ಕೂ ಎಂದೆ, ಒಂದೇ ಸಲ.
ಇಂಜಿನ್ ಕೆಮ್ಮಿತು.

"ಈಚೆ ಜನ ಉಂಟೋ ಇಲ್ವೋ ಅಂತ
ನಡುನಡುವೆ ನೋಡ್ಲಿಕ್ಕೆ ಬರುವುದಿಲ್ವಾ ನೀವು?"
"ಎಂತಕ್ಕೆ? ಡೀಸಿಲು ಪುಕ್ಕಟೆ ಸಿಗ್ತದಾ?
ಬಂದವರಿಗೆ ಬಾಯಿ ಉಂಟಲ್ಲ ಮಾರಾಯ್ತಿ."

ನಡುಹೊಳೆಯಲ್ಲಿ ನನ್ನಷ್ಟಕ್ಕೆ ನಕ್ಕೆ.
ಅವರಿಗೆ ಏನನಿಸಿತೋ, ಟಿಕೆಟಿನ ಚಿಲ್ಲರೆ ಎರಡು ಸಲ ಎಣಿಸಿದರು.

ರಾತ್ರಿ ಬರೆದದ್ದು ಹನ್ನೊಂದೇ ಸಾಲು,
ಅಳಿಸಿದ್ದು ಅರುವತ್ತು.
ತಟ್ಟುವ ಕೆಲಸವೇ ಬೇಡವೆಂದೆ.
ಮನೆಯವನಿಗೆ ಕಿವಿ ಇಟ್ಟೆ, ನೆಂಟನಿಗೆ ಬಾಯಿ.
ಎದ್ದ ಕೂಡಲೇ ಒಂದು ಮಾತು ಕೂಗು: ಬಂದೆ.
ಏಳು ಪಾಯಿಂಟ್ ಮೂರು.
ನಂಬಿಕೆಯಾಗದೆ ಮತ್ತೆ ಓಡಿಸಿದೆ. ಏಳು ಪಾಯಿಂಟ್ ಮೂರು.

ಆದರೂ ಕೊನೆಗೊಂದು ಗಡುವು ಉಳಿಸಬೇಕಾಯಿತು:
ಮೂವತ್ತು ಸೆಕೆಂಡು ಕೂಗು ಕೇಳದಿದ್ದರೆ
ಕಾಯಬೇಡ. ಅಳಿಸು. ಇನ್ನೊಬ್ಬನನ್ನು ಎಬ್ಬಿಸು.
ಈ ಸಾಲಿಗೆ ಬಂದಾಗ ಬೆರಳು ತುಸು ನಿಂತಿತು.
ಮೂವತ್ತನ್ನು ನಲವತ್ತು ಮಾಡಿದೆ.
ಕಾರಣ ಟಿಪ್ಪಣಿಯಲ್ಲಿ ಬರೆಯಲಿಲ್ಲ.

ಬೆಳಿಗ್ಗೆ ಒಂಬತ್ತೂವರೆ. ಗುಂಡಿ ಒತ್ತಿದರು.
ನನ್ನ ಪರದೆಯಲ್ಲಿ ಸಾಲುಸಾಲು
ಬಂದೆ, ಬಂದೆ, ಬಂದೆ,
ಅಂಗಳಕ್ಕೆ ಭತ್ತ ಚೆಲ್ಲಿದಾಗಿನ ಗುಬ್ಬಿಗಳ ಹಾಗೆ.
ಯಾರೂ ತಲೆಯೆತ್ತಲಿಲ್ಲ, ಚಕ್ರವಿತ್ತೆಂಬುದೇ ಯಾರಿಗೂ ನೆನಪಿಲ್ಲ.
ಎಣಿಸಿದೆ: ನಲವತ್ತೊಂದು.
ಹದಿನೆಂಟನೇ ಬೆಂಚಿನ ಹುಡುಗ ಇನ್ನೂ ಬಂದಿರಲಿಲ್ಲ.
ಬಾಗಿಲು ಹಾಕಲು ಹೋದ ಲಿಂಗಪ್ಪಣ್ಣ
ಹಿಡಿಯ ಮೇಲೆ ಕೈ ಇಟ್ಟವರು
ಮೆಟ್ಟಿಲ ಕಡೆ ಕಿವಿ ಕೊಟ್ಟು ನಿಂತೇ ಇದ್ದರು.